ಬೇಲಿಯೂ ಬೀಗದ ಕೈಯೂ

ಹೋದ ತಿಂಗಳು ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಸಭೆ ನಡೆಯಿತು. ನಮ್ಮ ಸಭೆಗಳ ರೀತಿ ವಾಚಕರಿಗೆ ತಿಳಿದದ್ದೇ. ಏಳು ಗಂಟೆಗೆಂದು ಕರೆ. ಲೋಕಲ್ ಗಾಡಿ ತಡವಾದವರೂ ಆಗದವರೂ ಕೂಡಿಯೇ ಎಂಟಕ್ಕೆ ಆಗಮನ. ಉಪ್ಪಿಟ್ಟು ತೀರುವ ತನಕ ಎಲ್ಲದಕ್ಕೂ ಒಮ್ಮತ. ಚಹಾ ಬಂದ ಮೇಲೆ ಭಿನ್ನಮತ. ಈ ಸಲದ ಭಿನ್ನಮತ ಚಳಿಗಾಲದಲ್ಲಿ ನಡೆಯಬೇಕಾದ ಮಕ್ಕಳ ಫುಟ್‌ಬಾಲ್ ಪಂದ್ಯಗಳ ಬಗ್ಗೆ. ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿ ಹೀಗೆ ನಾಲ್ಕು ಕಡೆಯ ನಾಲ್ಕು ತಂಡಗಳು. ಆಡುವವರು ಯಾರು, ಬಹುಮಾನ ಕೊಡುವವರು ಯಾರು ಎಂಬುದು ಸುಲಭವಾಗಿ ತೀರ್ಮಾನವಾಯಿತು. ನೋಡುವವರನ್ನು ಎಲ್ಲಿ ನಿಲ್ಲಿಸಬೇಕು ಎಂಬಲ್ಲಿ ತೊಡಕು ಬಂತು.

ಹಿರಿಯ ಸದಸ್ಯರೊಬ್ಬರು, “ಹೋದ ಸಲ ಗೋಲು ಆದದ್ದೇ ತಡ, ಅಪ್ಪಂದಿರೆಲ್ಲ ಒಳಗೆ ನುಗ್ಗಿಬಿಟ್ಟರು. ಚೆಂಡು ಎಲ್ಲಿದೆ ಎಂದು ರೆಫರಿಗೇ ತಿಳಿಯಲಿಲ್ಲ. ಆಟಗಾರರಿಗೂ ಜನರಿಗೂ ನಡುವೆ ಗಟ್ಟಿ ಬೇಲಿ ಬೇಕೇ ಬೇಕು,” ಎಂದರು. ಉಡುಪಿ ಕಡೆಯ ತರುಣ ಎಂಜಿನಿಯರು, “ಬೇಲಿಯ ಹಿಂದೆ ನಿಂತು ನೋಡಲು ಇದೇನು ರಾಣಿಬಾಗಿನ ಹುಲಿಯೇ, ಸ್ವಾಮಿ? ಮಕ್ಕಳ ಆಟ,” ಎಂದರು. ಒಬ್ಬರು ಫುಟ್‌ಬಾಲು ನಮ್ಮ ಕನ್ನಡಿಗರ ಆಟವೇ ಅಲ್ಲ, ಬಿಟ್ಟುಬಿಡೋಣ ಎಂದರು. ಅವರಿಗೆ ನಾನು ಉತ್ತರ ಕೊಟ್ಟೆ: 1937ರಲ್ಲಿ ಇದೇ ಮುಂಬಯಿಯ ರೋವರ್ಸ್ ಕಪ್ಪನ್ನು ಬೆಂಗಳೂರು ಮುಸ್ಲಿಮ್ಸ್ ತಂಡ ಗೆದ್ದುಕೊಂಡಿತು, ಮರುವರ್ಷ ಮತ್ತೊಮ್ಮೆ ಗೆದ್ದಿತು ಎಂದು. ಆ ಮಾತು ಅಲ್ಲಿಗೆ ನಿಂತಿತು. ಬೇಲಿಯ ಮಾತು ನಿಲ್ಲಲಿಲ್ಲ. ಕೊನೆಗೆ ಎಲ್ಲರೂ ನನ್ನ ಮುಖ ನೋಡಿದರು. ಯಾಕೆ ನೋಡಿದರೆಂಬುದು ಸಭೆಯಲ್ಲಿದ್ದವರಿಗೆ ಗೊತ್ತು. ವಾಚಕರಿಗೂ ಹೇಳಿಬಿಡುವುದು ನ್ಯಾಯ.

ಎರಡು ವರ್ಷಗಳ ಹಿಂದಿನ ಸಂಗತಿ. ಇಂಥದೇ ಒಂದು ಪಂದ್ಯಕ್ಕೆ ನಾವು ಬಾಡಿಗೆಗೆ ಹಿಡಿದ ಮೈದಾನದ ಒಂದು ಪಕ್ಕಕ್ಕೆ ಬಿದಿರಿನ ಬೇಲಿ ಕಟ್ಟಿಸಿದ್ದೆವು. ಕಟ್ಟಿಸಿದವನು ನಾನೇ. ಎದೆಮಟ್ಟದ ಗಳಗಳು, ಒಂದಕ್ಕೊಂದು ಸುತಳಿಯಿಂದ ಬಿಗಿದದ್ದು, ನಡುವೆ ಮೈದಾನಕ್ಕೆ ತೆರೆಯುವ ಒಂದೇ ಬಾಗಿಲು. ಹುಡುಗರು ನುಸುಳಬಾರದೆಂದು ಬಾಗಿಲಿಗೆ ಸರಪಳಿ ಸುತ್ತಿ ಬೀಗ ಹಾಕಿದೆ. ಬೀಗದ ಕೈ ನನ್ನ ಜೇಬಿನಲ್ಲಿ. ಎಷ್ಟು ಅಚ್ಚುಕಟ್ಟಾದ ವ್ಯವಸ್ಥೆ ಎಂದು ಜನರು ಹೊಗಳಿದರು; ನಾನೂ ನಂಬಿದೆ. ಅತಿಥಿಗಳನ್ನು ಎದುರುಗೊಳ್ಳಲು ಮೈದಾನದ ಆಚೆಯ ತುದಿಗೆ ಹೋದೆ.

ಆಗ ಅಕಾಲದ ಮಳೆ ಬಂತು. ಬಂದದ್ದು ಐದು ನಿಮಿಷ, ಆದರೆ ಧೋ ಎಂದು ಸುರಿಯಿತು. ಜನರೆಲ್ಲ ಹೊರಗೆ ಹೋಗುವ ಓಣಿಯ ಕಡೆಗೆ ಓಡಿದರು. ಆ ಓಣಿಯಲ್ಲಿ ಚಹದ ಮೇಜು, ಮಡಚಿಟ್ಟ ಕುರ್ಚಿ, ಶರಬತ್ತಿನ ಪೀಪಾಯಿ. ಮುಂದಿನವರು ಅಲ್ಲಿ ತಡೆದು ನಿಂತರು. ಹಿಂದಿನವರಿಗೆ ಅದು ಕಾಣದು, ಅವರು ನೂಕುತ್ತಲೇ ಬಂದರು. ಗುಂಪು ಬದಿಗೆ ಹೊರಳಿ ಬೇಲಿಯ ಮೇಲೆ ಬಿತ್ತು. ಬೇಲಿಗೆ ಅಂಟಿಕೊಂಡು ನಿಂತವರು ಯಾರು? ಆಟ ಚೆನ್ನಾಗಿ ಕಾಣಲಿ ಎಂದು ನಾವೇ ಮುಂದೆ ಬಿಟ್ಟಿದ್ದ ಚಿಕ್ಕ ಮಕ್ಕಳು. ಅವರ ಮುಂದೆ ಅಷ್ಟು ದೊಡ್ಡ ಮೈದಾನ ಖಾಲಿ ಬಿದ್ದಿತ್ತು. ಬಾಗಿಲಿಗೆ ಬೀಗವಿತ್ತು. ಬೀಗದ ಕೈ ನೂರು ಗಜ ಆಚೆ, ಅತಿಥಿಗಳಿಗೆ ಕೊಡೆ ಹಿಡಿದವನ ಜೇಬಿನಲ್ಲಿತ್ತು.

ದೇವರು ದೊಡ್ಡವನು. ಮಂಡಪ ಕಟ್ಟಿದ ಹುಡುಗನೊಬ್ಬ ಸೊಂಟದ ಕತ್ತಿಯಿಂದ ಸುತಳಿ ಕೊಯ್ದು ಎರಡು ಗಳ ಕಿತ್ತ. ಮಕ್ಕಳು ದಬದಬನೆ ಒಳಗೆ ಉರುಳಿದರು. ಒಬ್ಬ ಹುಡುಗಿಯ ಮಣಿಕಟ್ಟಿನ ಎಲುಬು ಬಿರುಕು ಬಿಟ್ಟಿತು. ಉಳಿದವರದ್ದು ತರಚು ಗಾಯ. ಮರುದಿನ ಬಾಳೆಹಣ್ಣು ಹಿಡಿದುಕೊಂಡು ಅವರ ಮನೆಗೆ ಹೋದೆ. ತಾಯಿ, “ಇರಲಿ ಬಿಡ್ರಿ ಕಾಕಾ, ನೀವೇನು ಬೇಕಂತ ಮಾಡೀರೇನು,” ಎಂದು ಚಹ ಕೊಟ್ಟಳು. ಹುಡುಗಿ ಮಾತ್ರ ಪ್ಲಾಸ್ಟರಿನ ಕೈ ಮಡಿಲಲ್ಲಿಟ್ಟುಕೊಂಡು ಕೇಳಿದಳು: “ಅಜ್ಜಾ, ಬಾಗಲಾ ನಮ್ಮ ಹತ್ರ ಇತ್ತು, ಕೀಲಿಕೈ ನಿಮ್ಮ ಹತ್ರ ಯಾಕ ಇತ್ತು?”

ಎಂಟು ವರ್ಷದ ಹುಡುಗಿಯ ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಮನೆಗೆ ಬಂದು ಕುಳಿತೆ, ಸಿಕ್ಕಿದ್ದನ್ನೆಲ್ಲ ಓದಿದೆ. ಇದೇ ಪ್ರಶ್ನೆಯನ್ನು ದೊಡ್ಡ ದೊಡ್ಡ ದೇಶಗಳು ನೂರಾರು ಹೆಣಗಳ ಮುಂದೆ ನಿಂತು ಕೇಳಿಕೊಂಡಿವೆಯೆಂದು ಆಗ ತಿಳಿಯಿತು.

ಮೊದಲು ಬೇಲಿ ಬೇಕೆನ್ನುವವರ ಮಾತನ್ನು ಕೇಳೋಣ. ಅದು ಹುರುಳಿಲ್ಲದ ಮಾತಲ್ಲ. 1993ರ ಏಪ್ರಿಲ್ 30ರಂದು ಜರ್ಮನಿಯ ಹ್ಯಾಂಬರ್ಗಿನಲ್ಲಿ ಟೆನಿಸ್ ಆಟಗಾರ್ತಿ ಮೋನಿಕಾ ಸೆಲೆಸ್ ಆಟದ ನಡುವೆ ವಿಶ್ರಮಿಸುತ್ತಿದ್ದಾಗ, ಪ್ರೇಕ್ಷಕರ ಕಡೆಯಿಂದ ಬಂದವನೊಬ್ಬ ಬೆನ್ನಿಗೆ ಚೂರಿ ಹಾಕಿದ. 2019ರ ಮಾರ್ಚಿನಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಪ್ರೇಕ್ಷಕನೊಬ್ಬ ಮೈದಾನಕ್ಕೆ ಓಡಿಬಂದು ಆಟಗಾರ ಜ್ಯಾಕ್ ಗ್ರೀಲಿಶನಿಗೆ ಹಿಂದಿನಿಂದ ಗುದ್ದಿದ. ಅವನಿಗೆ 14 ವಾರ ಜೈಲಾಯಿತು. ಆಟಗಾರನಿಗೂ ಹೆಂಡತಿ ಮಕ್ಕಳಿದ್ದಾರೆ. ಟಿಕೇಟು ಕೊಂಡವನಿಗೆ ಅವನ ಬೆನ್ನು ಮಾರಿದ್ದಲ್ಲ.

ಇನ್ನೊಂದು ಬಗೆಯೂ ಇದೆ. 1995ರ ಜನವರಿ 25ರಂದು ಲಂಡನ್ನಿನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ಡಿನ ಎರಿಕ್ ಕ್ಯಾಂಟೋನಾ ಎಂಬ ಆಟಗಾರನೇ ತಡೆಹಲಗೆಯ ಮೇಲಿಂದ ಹಾರಿ, ಬೈದ ಪ್ರೇಕ್ಷಕನ ಎದೆಗೆ ಒದ್ದ. ಅವನಿಗೆ ಎಂಟು ತಿಂಗಳು ಆಟದಿಂದ ಬಹಿಷ್ಕಾರ, ಮೇಲೆ 120 ಗಂಟೆಗಳ ಸಮಾಜಸೇವೆಯ ಶಿಕ್ಷೆ. ಆ ಗಂಟೆಗಳಲ್ಲಿ ಅವನು ಮಕ್ಕಳಿಗೆ ಫುಟ್‌ಬಾಲು ಕಲಿಸಿದನಂತೆ. ಇದನ್ನು ಓದಿ ಹೇಳಿದಾಗ ನಮ್ಮಾಕೆ, “ಹಂಗಾದ್ರ ಬೇಲಿ ಯಾರ ಸಲುವಾಗಿ ಅಂತ ಮೊದಲ ಗೊತ್ತು ಮಾಡ್ಕೊಳ್ರಿ,” ಎಂದಳು.

ನಮ್ಮ ಮುಂಬಯಿಯ ಕಥೆಯನ್ನೇ ನೋಡಿ. ಅದು ಕ್ರಿಕೆಟ್ಟಿನದಾದರೂ ಪಾಠ ಒಂದೇ. 1960ರ ಜನವರಿಯಲ್ಲಿ ಬ್ರೇಬೋರ್ನ್ ಮೈದಾನದಲ್ಲಿ ಅಬ್ಬಾಸ್ ಅಲಿ ಬೇಗ್ ಆಸ್ಟ್ರೇಲಿಯದ ಎದುರು ಚೆನ್ನಾಗಿ ಆಡುತ್ತಿದ್ದಾಗ ತರುಣಿಯೊಬ್ಬಳು ಓಡಿಬಂದು ಆತನ ಕೆನ್ನೆಗೆ ಮುತ್ತಿಟ್ಟು ಹೋದಳು. ಊರೆಲ್ಲ ನಕ್ಕಿತು, ಆಟ ಮುಂದುವರಿಯಿತು. ಹದಿನೈದು ವರ್ಷದ ಮೇಲೆ, 1975ರ ಜನವರಿಯಲ್ಲಿ, ಹೊಸದಾದ ವಾಂಖೆಡೆ ಮೈದಾನದ ಮೊದಲ ಟೆಸ್ಟಿನಲ್ಲಿ ವೆಸ್ಟ್ ಇಂಡೀಸಿನ ಕ್ಲೈವ್ ಲಾಯ್ಡ್ ಇನ್ನೂರು ಓಟ ಮುಗಿಸಿದಾಗ ಹುಡುಗನೊಬ್ಬ ಅಭಿನಂದಿಸಲು ಒಳಗೆ ಓಡಿದ. ಪೋಲೀಸರು ಅವನನ್ನು ಜನರ ಕಣ್ಣೆದುರಿಗೇ ಬಡಿದರು. ಅದನ್ನು ಕಂಡು ಜನ ಕೆರಳಿದರು. ದೊಂಬಿಯಾಗಿ ಆ ದಿನದ ಆಟ ಅಲ್ಲಿಗೇ ನಿಂತಿತು. ಎರಡು ಸಲವೂ ಒಬ್ಬರು ಒಳಗೆ ಬಂದರು. ಕೆಟ್ಟದ್ದು ಎರಡನೆಯ ಸಲ ಮಾತ್ರ. ಅದೂ ಬಂದವನಿಂದಲ್ಲ, ತಡೆದ ರೀತಿಯಿಂದ.

ತೀರ ಈಚಿನದು 2025ರ ಡಿಸೆಂಬರ್ 13ರ ಕಲ್ಕತ್ತೆಯ ಸಾಲ್ಟ್ ಲೇಕ್ ಮೈದಾನದ ಸಂಗತಿ. ಲಿಯೊನೆಲ್ ಮೆಸ್ಸಿಯನ್ನು ನೋಡಲು ಸಾವಿರಾರು ರೂಪಾಯಿ ತೆತ್ತು ಬಂದವರಿಗೆ ಗಣ್ಯರ ಬೆನ್ನುಗಳೇ ಕಂಡವು, ಮೆಸ್ಸಿ ಕಾಣಲಿಲ್ಲ. ಆತ ಬೇಗನೆ ಹೊರಟುಹೋದ. ಬಾಟಲಿಗಳೂ ಕಿತ್ತ ಕುರ್ಚಿಗಳೂ ಮೈದಾನಕ್ಕೆ ಹಾರಿದವು. ಜನ ತಡೆಗಳನ್ನು ಮುರಿದು ಒಳನುಗ್ಗಿದರು. ಮರುದಿನ ನಮ್ಮ ವಾಂಖೆಡೆಗೆ ಅದೇ ಮೆಸ್ಸಿ ಬಂದ. ಜನ ನೋಡಿದರು, ಕೂಗಿದರು, ಮನೆಗೆ ಹೋದರು. ಕಲ್ಕತ್ತೆಯಲ್ಲಿ ತಡೆ ಇರಲಿಲ್ಲವೆಂದಲ್ಲ. ಜನರ ಕೋಪವನ್ನು ತಡೆ ಹಿಡಿದು ನಿಲ್ಲಿಸಲಾರದು ಎಂದಷ್ಟೇ ಅರ್ಥ.

ಇನ್ನು ಬೇಲಿಗಳು ಮಾಡಿದ ಕೆಲಸವನ್ನು ನೋಡೋಣ. ಇಂಗ್ಲೆಂಡಿನ ಎರಡು ದುರಂತಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಸಾಕು.

1985ರ ಮೇ 11ರಂದು ಬ್ರಾಡ್‌ಫರ್ಡ್ ಎಂಬ ಊರಿನ ಹಳೆಯ ಮರದ ಗ್ಯಾಲರಿಗೆ ಪಂದ್ಯದ ನಡುವೆ ಬೆಂಕಿ ಬಿತ್ತು. ಕೆಲವೇ ನಿಮಿಷಗಳಲ್ಲಿ ಇಡೀ ಗ್ಯಾಲರಿ ಉರಿದುಹೋಯಿತು. 56 ಜನ ಸತ್ತರು. ಹಿಂಬದಿಯ ಬಾಗಿಲುಗಳಿಂದ ಹೊರಬೀಳಬಹುದೆಂದು ಅತ್ತ ಓಡಿದವರಲ್ಲಿ ಬಹಳ ಮಂದಿ ಮುಚ್ಚಿದ ಬಾಗಿಲುಗಳ ಬಳಿ ಸಿಕ್ಕಿಬಿದ್ದರು. ಮುಂದಕ್ಕೆ, ಮೈದಾನದ ಕಡೆಗೆ ಓಡಿದ ಸಾವಿರಾರು ಜನ ಬದುಕಿದರು. ಯಾಕೆಂದರೆ ಅಲ್ಲಿ ಮುಂದುಗಡೆ ಎತ್ತರದ ಬೇಲಿ ಇರಲಿಲ್ಲ.

ನಾಲ್ಕು ವರ್ಷದ ಮೇಲೆ, 1989ರ ಏಪ್ರಿಲ್ 15ರಂದು, ಶೆಫೀಲ್ಡಿನ ಹಿಲ್ಸ್‌ಬರೋ ಮೈದಾನ. ಲಿವರ್‌ಪೂಲಿಗೂ ನಾಟಿಂಗ್‌ಹ್ಯಾಮ್ ಫಾರೆಸ್ಟಿಗೂ ಪಂದ್ಯ. ಪುಂಡರನ್ನು ತಡೆಯಲೆಂದು ಅಲ್ಲಿ ನಿಂತು ನೋಡುವ ಜಾಗವನ್ನು ಕಬ್ಬಿಣದ ಬೇಲಿಗಳಿಂದ ದೊಡ್ಡಿಗಳಂತೆ ಹಂಚಿದ್ದರು. ಹೊರಗೆ ಸಂದಣಿ ಹೆಚ್ಚಿದಾಗ ಪೋಲೀಸರು ಒಂದು ದೊಡ್ಡ ಬಾಗಿಲು ತೆರೆಸಿದರು. ಜನರೆಲ್ಲ ಮೊದಲೇ ತುಂಬಿದ್ದ ನಡುವಿನ ದೊಡ್ಡಿಗಳಿಗೇ ಇಳಿದರು. ಮುಂದೆ ಬೇಲಿ, ಹಿಂದೆ ನೂಕು. ಆಟ ಶುರುವಾಗಿ ಆರನೆಯ ನಿಮಿಷಕ್ಕೆ ನಿಂತಿತು. ಬೇಲಿ ಹತ್ತಿ ಬರುತ್ತಿದ್ದವರನ್ನು ಕಂಡು, ಇವರು ದಾಂಧಲೆಗೆ ಬರುವವರೆಂದು ಮೊದಲು ಭಾವಿಸಿದ ಪೋಲೀಸರೂ ಉಂಟು. ಸತ್ತವರು 97 ಜನ. ಅವರಲ್ಲಿ ಹತ್ತು ವರ್ಷದ ಹುಡುಗನೂ ಇದ್ದ. ಅವರ ಮುಂದೆಯೂ ಹಸುರು ಹುಲ್ಲಿನ ಮೈದಾನ ಕೈಗೆಟಕುವಷ್ಟು ಹತ್ತಿರ ಖಾಲಿ ಬಿದ್ದಿತ್ತು.

ಬೇಲಿಯೇ ಎದ್ದು ಹೊಲ ಮೇಯ್ದಂತೆ ಎಂಬ ಗಾದೆಯನ್ನು ನಾವು ಲಂಚಕೋರರಿಗೆ ಹೇಳುತ್ತೇವೆ. ಇಲ್ಲಿ ಅದು ಅಕ್ಷರಶಃ ನಿಜವಾಯಿತು.

ಇಂಥ ಸಾವಿನ ರೀತಿಯನ್ನೂ ತಿಳಿದಿರಬೇಕು. ನಾವು ಕಾಲ್ತುಳಿತ ಎನ್ನುತ್ತೇವೆ. ಪತ್ರಿಕೆಗಳೂ ಹಾಗೇ ಬರೆಯುತ್ತವೆ. ಆದರೆ ಇಂಥಲ್ಲಿ ಸಾಯುವವರಲ್ಲಿ ಹೆಚ್ಚಿನವರು ತುಳಿತದಿಂದ ಸಾಯುವುದಿಲ್ಲ. ನಾಲ್ಕು ದಿಕ್ಕಿನಿಂದ ಮೈ ಒತ್ತಿದಾಗ ಎದೆಗೂಡು ಹಿಗ್ಗಲು ಎಡೆ ಸಿಗದೆ, ನಿಂತಲ್ಲೇ ಉಸಿರು ಕಟ್ಟುತ್ತದೆ. ಹಿಂದೆ ಇದ್ದವನು ಕೊಲೆಗಡುಕನಲ್ಲ. ಮುಂದೆ ಏನಾಗುತ್ತಿದೆಯೆಂದು ಅವನಿಗೆ ತಿಳಿಯದು, ಅಷ್ಟೇ. ಬೆಳಿಗ್ಗೆ ಡೊಂಬಿವಲಿಯಲ್ಲಿ ಲೋಕಲ್ ಹತ್ತುವವರಿಗೆ ಇದನ್ನು ವಿಸ್ತರಿಸಿ ಹೇಳಬೇಕಾಗಿಲ್ಲ. 2017ರ ಸೆಪ್ಟೆಂಬರ್ 29ರಂದು, ಆಗ ಎಲ್ಫಿನ್‌ಸ್ಟನ್ ರೋಡ್ ಎಂಬ ಹೆಸರಿದ್ದ ನಿಲ್ದಾಣದ ಕಾಲುಸೇತುವೆಯ ಮೆಟ್ಟಿಲುಗಳಲ್ಲಿ ಮಳೆಗೆ ನಿಂತ ಜನ ಒತ್ತಿ 23 ಮಂದಿ ಸತ್ತದ್ದನ್ನು ನಾವು ಮರೆತಿಲ್ಲ. ಅಲ್ಲಿಯೂ ಮಳೆ, ಅಲ್ಲಿಯೂ ಇಕ್ಕಟ್ಟಾದ ದಾರಿ. ನನ್ನ ಬಿದಿರಿನ ಬೇಲಿಯನ್ನು ನೆನೆದಾಗ ನನಗೆ ಆ ಮೆಟ್ಟಿಲುಗಳು ನೆನಪಾಗುತ್ತವೆ.

ಬಾಗಿಲು ಮುಚ್ಚಿದ್ದರಿಂದ ಆದ ಅನಾಹುತ ಇಂಗ್ಲೆಂಡಿನದೊಂದೇ ಅಲ್ಲ. 1964ರ ಮೇ 24ರಂದು ಪೆರು ದೇಶದ ಲಿಮಾದಲ್ಲಿ ಒಂದು ಗೋಲನ್ನು ರೆಫರಿ ತಳ್ಳಿಹಾಕಿದ. ಒಬ್ಬಿಬ್ಬರು ಒಳಗೆ ನುಗ್ಗಿದರು. ಪೋಲೀಸರು ಗ್ಯಾಲರಿಗಳ ಮೇಲೆ ಅಶ್ರುವಾಯು ಸಿಡಿಸಿದರು. ಜನರು ಮೆಟ್ಟಿಲಿಳಿದು ಓಡಿದರೆ ಕೆಳಗೆ ಉಕ್ಕಿನ ಬಾಗಿಲುಗಳು ಮುಚ್ಚಿದ್ದವು. 328 ಜನ ಸತ್ತರು. ಜಗತ್ತು ಇದನ್ನು ಕಲಿತುಕೊಂಡಿತೆನ್ನುವಿರೋ? 2022ರ ಅಕ್ಟೋಬರ್ 1ರಂದು ಇಂಡೊನೇಷ್ಯದ ಕಂಜುರುಹಾನ್ ಮೈದಾನದಲ್ಲಿ ಅದೇ ಕಥೆ: ಸೋತ ಬೇಸರಕ್ಕೆ ಕೆಲವರು ಒಳಗಿಳಿದರು, ಅಶ್ರುವಾಯು ಗ್ಯಾಲರಿಗೂ ಹೋಯಿತು, ಹೊರಬಾಗಿಲುಗಳಲ್ಲಿ ಜನ ಒತ್ತಿದರು. 135 ಜನ ಸತ್ತರು.

ನಮ್ಮವರ ದುಃಖ ಇನ್ನೂ ಹಸಿಯಾಗಿದೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಮೈದಾನದ ಹೊರಗೆ, ಹಿಂದಿನ ರಾತ್ರಿ ಅಹಮದಾಬಾದಿನಲ್ಲಿ ಗೆದ್ದ ತಂಡವನ್ನು ನೋಡಲು ಬಂದ ಜನರಲ್ಲಿ 11 ಮಂದಿ ನೂಕುನುಗ್ಗಲಿನಲ್ಲಿ ತೀರಿಕೊಂಡರು. ಆ ಸಂಜೆ ನಮ್ಮ ಈ ಊರುಗಳ ಎಷ್ಟು ಮನೆಗಳಿಂದ ಬೆಂಗಳೂರಿಗೆ ಫೋನು ಹೋಗಿರಬೇಕು! ನಮ್ಮ ತಂಗಿಯ ಮಗ ಎತ್ತಲಿಲ್ಲ. ಎರಡು ತಾಸು ಮನೆಯಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಅವನೇ ಮಾಡಿದ, ಆಫೀಸಿನಲ್ಲಿ ಇದ್ದನಂತೆ. ಹನ್ನೊಂದು ಮನೆಗಳಿಗೆ ಹಾಗೆ ಫೋನು ಬರಲಿಲ್ಲ. ಅಲ್ಲಿ ಆಟಗಾರರಿಗೂ ಅಭಿಮಾನಿಗಳಿಗೂ ನಡುವೆ ಇದ್ದದ್ದು ಗೋಡೆ, ಗೇಟು. ಯಾವ ಗೇಟು, ಎಷ್ಟು ಹೊತ್ತಿಗೆ, ಎಷ್ಟು ಜನಕ್ಕೆ ತೆರೆಯಬೇಕೆಂಬುದು ಜನರಿಗೆ ತಿಳಿಯದೇ ಹೋದಾಗ ಗೇಟೇ ಮೃತ್ಯುವಾಗುತ್ತದೆ.

ಹಾಗಾದರೆ ಉಪಾಯವೇನು? ಹಿಲ್ಸ್‌ಬರೋ ಆದ ಮೇಲೆ ಇಂಗ್ಲೆಂಡಿನ ನ್ಯಾಯಮೂರ್ತಿ ಟೇಲರ್ ವಿಚಾರಣೆ ಮಾಡಿ 1990ರ ಜನವರಿಯಲ್ಲಿ ಕೊನೆಯ ವರದಿ ಕೊಟ್ಟರು. ದೊಡ್ಡ ಮೈದಾನಗಳಲ್ಲಿ ಎಲ್ಲರಿಗೂ ಕುಳಿತುಕೊಳ್ಳಲು ಆಸನವಿರಲಿ. ಬೇಲಿಯ ಮೇಲಿನ ಮೊನೆಗಳನ್ನು ತೆಗೆಯಿರಿ, ಎತ್ತರ ಇಳಿಸಿರಿ. ಬೇಲಿಯ ಬಾಗಿಲುಗಳಿಗೆ ಬೀಗ ಬೇಡ, ಬಾಗಿಲಲ್ಲಿ ಒಬ್ಬ ಹೊಣೆಗಾರ ನಿಂತಿರಲಿ ಎಂಬುದು ಅದರ ಸಾರ. ಅಲ್ಲಿಯ ದೊಡ್ಡ ತಂಡಗಳು ಬೇಲಿಗಳನ್ನು ಕಿತ್ತೇ ಹಾಕಿದವು. ಬದಲಿಗೆ 1991ರಲ್ಲಿ ಕಾನೂನು ಬಂತು: ಕಾರಣವಿಲ್ಲದೆ ಮೈದಾನಕ್ಕೆ ಇಳಿಯುವುದೇ ಅಪರಾಧ. ಕಬ್ಬಿಣ ಮಾಡುತ್ತಿದ್ದ ಕೆಲಸವನ್ನು ಶಿಸ್ತು, ಆಸನ, ಕ್ಯಾಮರಾ, ಕಾನೂನುಗಳಿಗೆ ವಹಿಸಿದರು. ಗ್ರೀಲಿಶನಿಗೆ ಗುದ್ದಿದಂಥವರು ಆಮೇಲೂ ಬಂದರು, ನಿಜ. ಆದರೆ ಒಬ್ಬ ಪುಂಡನನ್ನು ಜೈಲಿಗೆ ಕಳಿಸಬಹುದು. ಉಸಿರುಗಟ್ಟಿ ಸತ್ತ 97 ಜನರನ್ನು ಮರಳಿ ತರಲಾಗದು. ಅಂತರರಾಷ್ಟ್ರೀಯ ಫುಟ್‌ಬಾಲ್ ಸಂಸ್ಥೆಯಾದ ಫಿಫಾದ ನಿಯಮಗಳ ಒಲವೂ ಬೇಲಿಯಿಲ್ಲದ ಮೈದಾನದ ಕಡೆಗೇ. ಬೇಲಿ ಇದ್ದರೆ ಆಪತ್ತಿನಲ್ಲಿ ಮೈದಾನಕ್ಕೆ ತೆರೆಯುವ ಬಾಗಿಲಿರಬೇಕು, ಜನ ಒಳಗಿರುವಾಗ ಅದಕ್ಕೆ ಬೀಗ ಇರಕೂಡದು.

ನಮ್ಮ ನೆರೂಳಿನ ಡಿ. ವೈ. ಪಾಟೀಲ ಮೈದಾನ ಇದನ್ನೇ ಇನ್ನೊಂದು ಬಗೆಯಲ್ಲಿ ತೋರಿಸುತ್ತದೆ. 2017ರ ಅಕ್ಟೋಬರ್ 25ರಂದು 17 ವರ್ಷದೊಳಗಿನವರ ವಿಶ್ವಕಪ್ಪಿನ ಸೆಮಿಫೈನಲ್ ಅಲ್ಲಿ ನಡೆಯಿತು. ಸ್ಪೇನ್ ಮಾಲಿಯನ್ನು 3-1ರಿಂದ ಸೋಲಿಸಿತು. 2022ರ ಅಕ್ಟೋಬರ್ 30ರಂದು ಅದೇ ವಯಸ್ಸಿನ ಹುಡುಗಿಯರ ವಿಶ್ವಕಪ್ಪಿನ ಫೈನಲೂ ಅಲ್ಲೇ. ಅದು ಮೂಲತಃ ಕ್ರಿಕೆಟ್ಟಿನ ದೊಡ್ಡ ವೃತ್ತ. ಫುಟ್‌ಬಾಲಿನ ಅಂಗಳ ನಡುವೆ ಕೂರುತ್ತದೆ, ಗ್ಯಾಲರಿಯಿಂದ ದೂರ. ಬೆಂಗಳೂರಿನ ಕಂಠೀರವ ಮೈದಾನದಲ್ಲಿ ಓಟದ ಹಾದಿ ನಡುವೆ ಹಾಯ್ದಿದೆ. ನೋಡುವವರು ಆಟ ದೂರವಾಯಿತೆಂದು ಗೊಣಗುತ್ತಾರೆ. ಆದರೆ ಅಂತರವೂ ಒಂದು ಬೇಲಿಯೇ. ಆಪತ್ತು ಬಂದಾಗ ಅದೇ ಆಸರೆಯಾಗುತ್ತದೆ.

ನಮ್ಮ ಹಳ್ಳಿಯ ಹಿರಿಯರಿಗೆ ಇದು ಗೊತ್ತಿತ್ತೆಂದು ತೋರುತ್ತದೆ. ಬಯಲಾಟದ ಸುತ್ತ ಚಾಪೆ ಹಾಸಿ ಕೂತವರಿಗೂ ವೇಷಗಳಿಗೂ ನಡುವೆ ಏನಿರುತ್ತಿತ್ತು? ಕುಸ್ತಿಯ ಕಣದ ಸುತ್ತ ಕೂತವರನ್ನು ಯಾವ ಕಬ್ಬಿಣ ತಡೆಯುತ್ತಿತ್ತು? ಒಂದು ಗೆರೆ, ಒಂದು ಹಗ್ಗ, “ಹಿಂದಕ್ಕೆ ಸರೀರಿ” ಎನ್ನುವ ಒಬ್ಬ ಹಿರಿಯ. ದೂರವೇಕೆ, ಡೊಂಬಿವಲಿಯ ಗುಡಿ ಪಾಡವೆಯ ಮೆರವಣಿಗೆಯನ್ನು ನೆನೆಯಿರಿ, ಗಣಪತಿ ಬಿಡುವ ದಿನವನ್ನು ನೆನೆಯಿರಿ. ಲೇಜಿಮು ಆಡುವವರ ಸುತ್ತ ಹುಡುಗರು ಹಗ್ಗ ಹಿಡಿದು ನಡೆಯುತ್ತಾರೆ. ಹಗ್ಗ ಜನರನ್ನು ತಡೆಯುತ್ತದೆ. ಮುದುಕಿಯೊಬ್ಬಳು ತಲೆ ಸುತ್ತಿ ಬಿದ್ದರೆ ಅದೇ ಹಗ್ಗ ಸಡಿಲಾಗಿ ಅವಳನ್ನು ಒಳಗೆ ತೆಗೆದುಕೊಳ್ಳುತ್ತದೆ. ಯಾಕೆಂದರೆ ಹಗ್ಗದ ತುದಿಯಲ್ಲಿ ಒಂದು ಕೈ ಇದೆ; ಆ ಕೈಯ ಮೇಲೆ ಎರಡು ಕಣ್ಣು ಇವೆ. ಬೀಗಕ್ಕೆ ಕಣ್ಣಿಲ್ಲ.

ಆದುದರಿಂದ ಸಭೆಯಲ್ಲಿ ನಾನು ಹೀಗೆ ಹೇಳಿದೆ. ಎತ್ತರದ ಬೇಲಿ ಬೇಡ. ಹಾಗೆಂದು ಮೈದಾನವನ್ನು ಸಂತೆ ಮಾಡುವುದೂ ಬೇಡ. ಆಟದ ಗೆರೆಯಿಂದ ನಾಲ್ಕು ಹೆಜ್ಜೆ ಬಿಟ್ಟು ಒಂದು ಹಗ್ಗ. ಹತ್ತು ಹೆಜ್ಜೆಗೊಬ್ಬ ಸ್ವಯಂಸೇವಕ, ಹಗ್ಗ ಅವನ ಕೈಯಲ್ಲಿ. ಹೊರಗೆ ಹೋಗುವ ಓಣಿಯಲ್ಲಿ ಚಹದ ಮೇಜಿರಲಿ, ಒಂದು ಚಪ್ಪಲಿಯೂ ಇರಬಾರದು. ಮಕ್ಕಳು ಮುಂದೆ ಕೂರಲಿ, ಆದರೆ ಒತ್ತಾಗಿ ಅಲ್ಲ; ನಡುನಡುವೆ ಒಬ್ಬರು ನಡೆದುಹೋಗುವಷ್ಟು ದಾರಿ ಬಿಡಬೇಕು. ಗೋಲಾದಾಗ ಒಳಗೆ ಓಡುವ ಅಪ್ಪಂದಿರ ತಂಡಕ್ಕೆ ಒಂದು ಗೋಲು ಕಡಿಮೆ ಎಂದು ಮೊದಲೇ ಸಾರಿಬಿಡೋಣ. ಅವರವರ ಮಕ್ಕಳೇ ಅವರನ್ನು ಹಿಡಿದು ಕೂರಿಸುತ್ತಾರೆ. ಎಲ್ಲಕ್ಕಿಂತ ಮುಖ್ಯವಾದದ್ದು, ಸ್ವಯಂಸೇವಕರ ಮುಖ ಜನರ ಕಡೆಗಿರಬೇಕು, ಬೆನ್ನು ಆಟದ ಕಡೆಗೆ.

ಈ ಕೊನೆಯ ಮಾತಿಗೆ ತರುಣರ ಮುಖ ಬಾಡಿತು. ನಾಲ್ಕು ಪಂದ್ಯ ನಡೆಯುವಾಗ ಬೆನ್ನು ಹಾಕಿ ನಿಲ್ಲಲು ಯಾರಿಗೆ ಮನಸ್ಸು ಬಂದೀತು? ಉಡುಪಿಯ ಎಂಜಿನಿಯರು, “ಅಲ್ಲಿ ಯಾರು ನಿಲ್ಲುತ್ತಾರೆ, ಸಾರ್?” ಎಂದು ಕೇಳಿದರು. ಸಭೆ ಮತ್ತೆ ನನ್ನ ಮುಖ ನೋಡಿತು.

ನಾನೇ ನಿಲ್ಲುತ್ತೇನೆಂದು ಒಪ್ಪಿಕೊಂಡೆ. ಎರಡು ವರ್ಷದ ಹಿಂದಿನ ಹುಡುಗಿ ಈ ಸಲ ಕಲ್ಯಾಣದ ತಂಡದಲ್ಲಿ ಗೋಲುಗಾರ್ತಿಯಂತೆ, ಮಣಿಕಟ್ಟು ಗಟ್ಟಿಯಾಗಿದೆ. ಅವಳು ಚೆಂಡು ಹಿಡಿಯುವುದನ್ನು ನಾನು ನೋಡಲಾರೆ; ಹಗ್ಗ ಹಿಡಿದು ನಿಮ್ಮ ಮುಖಗಳನ್ನು ನೋಡುತ್ತಿರುತ್ತೇನೆ. ಹಿಡಿದಳೋ ಬಿಟ್ಟಳೋ ಎಂಬುದು ನಿಮ್ಮ ಮುಖದಲ್ಲೇ ತಿಳಿಯುತ್ತದೆ. ಜೇಬಿನಲ್ಲಿ ಬೀಗದ ಕೈ ಇರುವುದಿಲ್ಲ. ಬೇಕಾದವರು ಬಂದು ಶೋಧಿಸಬಹುದು.